ಚಿಂದಿ ಬಟ್ಟೆಯ ಸಿಂಗಲ್ ಕೌದಿ: ಮೆಷಿನ್ ಬಿಚ್ಚಿದಲ್ಲಿಂದ ಅಂಚು ಕಟ್ಟುವವರೆಗೆ

ಕೌದಿಯ ಅಳತೆ 60 × 84 ಇಂಚು. ಸಿಂಗಲ್ ಮಂಚದ ಎರಡೂ ಬದಿಗೆ ಒಂದೊಂದು ಅಡಿ ಇಳಿಬೀಳುತ್ತದೆ. ಒಟ್ಟು 35 ಬ್ಲಾಕ್ (ತುಂಡು ಜೋಡಿಸಿ ಹೊಲಿದ ಚೌಕ), ಒಂದೊಂದೂ 12 ಇಂಚು. ಅಡ್ಡಕ್ಕೆ 5, ಉದ್ದಕ್ಕೆ 7. ಅದರಲ್ಲಿ 18 ಬ್ಲಾಕ್ ಒಂಬತ್ತು ಚೌಕದವು, 17 ಬ್ಲಾಕ್ ಓರೆ ಪಟ್ಟಿಯವು, ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು. ಎರಡು ಬಗೆ ಇಟ್ಟುಕೊಂಡಿದ್ದಕ್ಕೆ ಕಾರಣ ಅಂದ ಅಲ್ಲ. ತುಮಕೂರಿನಲ್ಲಿ ಸುಲಭವಾಗಿ ಸಿಗುವ ಚಿಂದಿ ಎರಡು ಥರದ್ದು: ಮನೆಯಲ್ಲೇ ಇರುವ ಹಳೇ ಶರ್ಟು, ಮತ್ತೆ ಬ್ಲೌಸ್ ಹೊಲಿಯುವ ಟೈಲರ್ ಅಂಗಡಿಯ ಉಳಿಕೆ. ಶರ್ಟಿನ ಬೆನ್ನಲ್ಲಿ ಚೌಕ ಸಿಗುತ್ತದೆ. ಬ್ಲೌಸಿನ ಉಳಿಕೆಯಲ್ಲಿ ಉದ್ದ ಪಟ್ಟಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಇರುವ ಬಟ್ಟೆಯ ಆಕಾರ ನೋಡಿಕೊಂಡು ನಮೂನೆ ಆರಿಸಿದರೆ ಅರ್ಧ ಬಟ್ಟೆ ಉಳಿಯುತ್ತದೆ. ನಮೂನೆ ಮೊದಲು ಆರಿಸಿ ಆಮೇಲೆ ಬಟ್ಟೆ ಹುಡುಕಿದರೆ ಚಿಂದಿ ಕೌದಿಗೆ ಹೊಸ ಬಟ್ಟೆ ಕೊಳ್ಳುವ ಹಾಗಾಗುತ್ತದೆ.

ಬಹಳ ಕಾಲ ಕೈಬಿಟ್ಟಿದ್ದ ಕೆಲಸಕ್ಕೆ ಮತ್ತೆ ಕೈ ಹಾಕುವವರಿಗೆ ಅನುಕೂಲವಾಗಲಿ ಎಂದು ಮೆಷಿನ್ನಿನಿಂದಲೇ ಶುರು ಮಾಡಿ ಬರೆದಿದೆ.

ಹಂತ 1: ನಿಂತು ಹೋಗಿದ್ದ ಮೆಷಿನ್

ಕಾಲಲ್ಲಿ ತುಳಿಯುವ ಕಪ್ಪು ಮೆಷಿನ್, ನೇರ ಹೊಲಿಗೆ ಮಾತ್ರ. ಕೌದಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕೈಚಕ್ರ ಅಲುಗಾಡುತ್ತಿರಲಿಲ್ಲ. ಹೀಗೆ ಬಿಗಿದುಕೊಳ್ಳುವುದು ಸಾಮಾನ್ಯವಾಗಿ ತುಕ್ಕಿನಿಂದಲ್ಲ, ಒಣಗಿ ಅಂಟಾದ ಎಣ್ಣೆಯಿಂದ. ಕೊಬ್ಬರಿ ಎಣ್ಣೆ ಬಿಟ್ಟಿದ್ದರಂತೂ ಖಂಡಿತ ಹೀಗಾಗುತ್ತದೆ. ಎಣ್ಣೆ ಬಿಡುವ ಪ್ರತಿ ತೂತಿಗೂ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ರಾತ್ರಿಯೆಲ್ಲ ಹಾಗೇ ಇಟ್ಟು, ಬೆಳಿಗ್ಗೆ ಕೈಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸುತ್ತಾ ಹೋದರೆ ಬಿಡುತ್ತದೆ. ಜೋರು ಮಾಡಬಾರದು. ಬಿಟ್ಟುಕೊಂಡ ಮೇಲೆ ಕಂದು ಬಣ್ಣದ ಜಿಡ್ಡು ಕೆಳಗೆ ಇಳಿದು ಬರುತ್ತದೆ. ಅದನ್ನೆಲ್ಲ ಒರೆಸಿ, ಸೀಮೆಎಣ್ಣೆ ಆರಿದ ಮೇಲೆ ತೂತಿಗೆ ಎರಡೆರಡು ಹನಿ ಮೆಷಿನ್ ಎಣ್ಣೆ. ಸೀಮೆಎಣ್ಣೆ ಜಿಡ್ಡು ತೆಗೆಯುತ್ತದೆ ಅಷ್ಟೇ, ಸವೆತ ತಡೆಯುವುದಿಲ್ಲ. ಎರಡನೆಯ ಎಣ್ಣೆ ಬಿಡದೆ ಓಡಿಸಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಎಣ್ಣೆ ಬಿಟ್ಟ ದಿನ ಒಳ್ಳೆಯ ಬಟ್ಟೆ ಹೊಲಿಯಬೇಡಿ. ಒಂದು ಹಳೇ ಟವೆಲ್ ಮೇಲೆ ದಾರವಿಲ್ಲದೆ ಹತ್ತು ನಿಮಿಷ ಓಡಿಸಿ.

ಸೂಜಿಯ ಕೆಳಗಿನ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ನೋಡಿದರೆ ಹಲ್ಲುಗಳ ಸಂದಿಯಲ್ಲಿ ನೂಲಿನ ಹೊಟ್ಟು ಒತ್ತಿ ಒತ್ತಿ ಕಂಬಳಿಯ ತುಂಡಿನಷ್ಟು ಗಟ್ಟಿಯಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಅದು ಜಗ್ಗಲಿಲ್ಲ, ದಪ್ಪ ಸೂಜಿಯಿಂದ ಕೆದಕಿ ಎತ್ತಬೇಕಾಯಿತು. ಈ ಹೊಟ್ಟು ಇದ್ದರೆ ಹಲ್ಲು ಪೂರ್ತಿ ಮೇಲೆ ಏಳುವುದಿಲ್ಲ, ಬಟ್ಟೆ ಒಂದೇ ಸಮ ಮುಂದೆ ಹೋಗುವುದಿಲ್ಲ, ಹೊಲಿಗೆ ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಉದ್ದವಾಗಿ ಬೀಳುತ್ತದೆ. ಮೆಷಿನ್ ಹಾಳಾಗಿದೆ ಎಂದು ರಿಪೇರಿಗೆ ಹೊರುವ ಮುಂಚೆ ಈ ಎರಡು ಸ್ಕ್ರೂ ಬಿಚ್ಚಿ ನೋಡುವುದು ಒಳ್ಳೆಯದು.

ಲೆದರ್ ಬೆಲ್ಟ್ ಸಡಿಲವಾಗಿದ್ದರೆ ಅರ್ಧ ಇಂಚು ಕತ್ತರಿಸಿ ಹೊಸ ತೂತು ಹಾಕಿ ಕ್ಲಿಪ್ ಮತ್ತೆ ಬಡಿಯಬಹುದು. ಇಲ್ಲಿ ಅದು ಒಣಗಿ ಬಿರಿದಿತ್ತು, ಹೊಸದು ಹಾಕಿದ್ದಾಯಿತು.

ಸೂಜಿ ಹೊಸದೇ ಬೇಕು. ಮನೆಯ ಮೆಷಿನ್ನಿಗೆ ಒಂದು ಬದಿ ಚಪ್ಪಟೆ ಇರುವ ಸೂಜಿ. ಗಾರ್ಮೆಂಟ್ಸ್ ಮೆಷಿನ್ನಿನದು ಪೂರ್ತಿ ಗುಂಡು, ಅದು ಇದಕ್ಕೆ ಆಗುವುದಿಲ್ಲ. ಅಂಗಡಿಯಲ್ಲಿ ಇದನ್ನು ಹೇಳಿಯೇ ಕೇಳಿ. ಹಾಕುವಾಗ ಸೂಜಿಯ ಮೇಲಿನ ಉದ್ದ ಗೀರು ದಾರ ಪೋಣಿಸುವ ಕಡೆಗೆ ಇರಬೇಕು. ತಿರುವುಮುರುವಾದರೆ ಒಂದು ಹೊಲಿಗೆಯೂ ಬೀಳುವುದಿಲ್ಲ. ತುಂಡು ಜೋಡಿಸಲು 14 ನಂಬರ್, ದಪ್ಪ ಸೇರಿಕೊಂಡ ಕಡೆ 16.

ಪರೀಕ್ಷೆಗೆ ಹೊಲಿದಾಗ ಬಟ್ಟೆಯ ಅಡಿಯಲ್ಲಿ ದಾರ ಗೋಜಲು ಗೋಜಲಾಗಿ ಕಟ್ಟಿಕೊಂಡಿತು. ಇದನ್ನು ನೋಡಿದ ಕೂಡಲೇ ಎಲ್ಲರೂ ಕೆಳದಾರ ಇರುವ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸುತ್ತಾರೆ, ಅಲ್ಲಿಂದ ತೊಂದರೆ ಎರಡಾಗುತ್ತದೆ. ಅಡಿಯಲ್ಲಿ ಗೋಜಲು ಬಂದರೆ ಕುಂದು ಮೇಲಿನ ದಾರದಲ್ಲಿ. ಫುಟ್ (ಬಟ್ಟೆ ಒತ್ತಿ ಹಿಡಿಯುವ ಪಾದ) ಕೆಳಗಿಳಿಸಿಕೊಂಡು ದಾರ ಪೋಣಿಸಿದರೆ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ಮಧ್ಯೆ ಕೂರುವುದಿಲ್ಲ, ಹಿಡಿತವಿಲ್ಲದೆ ಅಡಿಗೆ ಸುರಿಯುತ್ತದೆ. ಫುಟ್ ಎತ್ತಿ, ದಾರ ತೆಗೆದು, ಮತ್ತೆ ಪೋಣಿಸಿದ ಮೇಲೆ ಸರಿಹೋಯಿತು. ಬಾಬಿನ್ ಕೇಸಿನ ಬಿಗಿ ನೋಡಲು ಬೇರೆ ದಾರಿ ಇದೆ: ಕೇಸನ್ನು ಅದರ ದಾರದಿಂದಲೇ ತೂಗಿಹಿಡಿದು ಒಂದು ಸಣ್ಣ ಕುಲುಕು ಕೊಟ್ಟರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಸರ್ರನೆ ಕೆಳಗೆ ಹೋದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ.

ಪೆಟ್ಟಿಗೆಯಲ್ಲಿದ್ದ ಹಳೇ ಹತ್ತಿ ದಾರದ ರೀಲುಗಳನ್ನು ಬಳಸಲಿಲ್ಲ. ಒಂದು ಮೊಳ ಬಿಚ್ಚಿ ಎರಡೂ ಕೈಯಲ್ಲಿ ಜಗ್ಗಿದಾಗ ಚಟ್ ಎಂದು ಶಬ್ದ ಬಂದು ತುಂಡಾದರೆ ದಾರ ಗಟ್ಟಿ. ಸದ್ದಿಲ್ಲದೆ ಬಿಟ್ಟುಕೊಂಡರೆ ಅದು ಕಚ್ಚಾ ಹೊಲಿಗೆಗೆ ಮಾತ್ರ.

ಹಂತ 2: ಚಿಂದಿ ಆರಿಸುವುದು

ಹೊಲಿಗೆಗಿಂತ ಹೆಚ್ಚು ಗಮನ ಬೇಕಾದ ಕೆಲಸ ಇದೇ. ಎಂ.ಜಿ. ರಸ್ತೆಯ ಸುತ್ತಮುತ್ತ ಬ್ಲೌಸ್ ಟೈಲರುಗಳು ಬಹಳ. ಉಳಿಕೆಯನ್ನು ಒಂದು ಚೀಲಕ್ಕೆ ತುಂಬಿಟ್ಟಿರುತ್ತಾರೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಆದರೆ ಯಾವ ಕಾಲದಲ್ಲಿ ಕೇಳುತ್ತೀರಿ ಅನ್ನುವುದು ಮುಖ್ಯ. ಮದುವೆ ಸೀಸನ್ನಿನ ಚೀಲ ಪೂರ್ತಿ ರೇಷ್ಮೆ, ಬ್ರೊಕೇಡ್, ಜರಿ. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರ್ಮ್ ಹೊಲಿಯುವವರಲ್ಲಿ ಸಿಗುವುದು ಟೆರಿಕಾಟ್. ಕಾಟನ್ ಹೆಚ್ಚು ಬರುವುದು ಬೇಸಿಗೆಯಲ್ಲಿ. ಗಾರ್ಮೆಂಟ್ಸ್ ಕಟ್‌ಪೀಸ್ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ, ಅದರಲ್ಲಿ ಬನಿಯನ್ ಬಟ್ಟೆ ಬೆರೆತಿರುತ್ತದೆ. ಎಳೆದರೆ ಹಿಗ್ಗುವ ತುಂಡು ಯಾವುದಿದ್ದರೂ ಗ್ಯಾರೇಜಿನವರ ಕೈ ಒರೆಸಲು ಕೊಡಿ, ಕೌದಿಗೆ ಬೇಡ.

ಕಾಟನ್ ಹೌದೋ ಅಲ್ಲವೋ ಅನುಮಾನ ಬಂದರೆ ನಾಲ್ಕು ಎಳೆ ಕಿತ್ತು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಬೇಕು. ಕಾಟನ್ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ಬೂದಿಯೂ ಮಣಿಯೂ ಒಟ್ಟಿಗೆ ಬಂದರೆ ಮಿಶ್ರ ಬಟ್ಟೆ. ಬಟ್ಟೆ ಬೆರೆಸಿದರೆ ಆಗುವ ತೊಂದರೆ ಇಸ್ತ್ರಿ ಹಾಕುವಾಗಲೇ ಗೊತ್ತಾಗುತ್ತದೆ. ಕಾಟನ್ ಸುಕ್ಕು ಬಿಡುವಷ್ಟು ಬಿಸಿಗೆ ಪಾಲಿಯೆಸ್ಟರ್ ಮುದುರಿಕೊಳ್ಳುತ್ತದೆ. ಪಾವಗಡ ಕಡೆಯ ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆಗಳ ಬ್ಲೌಸ್ ತುಂಡು ಎಷ್ಟೇ ಚೆನ್ನಾಗಿದ್ದರೂ ಬೇರೆ ಡಬ್ಬಕ್ಕೆ ಹೋಗಬೇಕು. ಅದನ್ನು ಒಗೆಯುವ ರೀತಿಯೇ ಬೇರೆ.

ಎರಡನೆಯ ಸೋಸಾಟ ದಪ್ಪದ್ದು. ತುಂಡನ್ನು ಕಿಟಕಿಗೆ ಹಿಡಿದು ಹಿಂದೆ ಬೆರಳಾಡಿಸಿದಾಗ ಬೆರಳಿನ ಅಂಚು ಸ್ಪಷ್ಟವಾಗಿ ಕಂಡರೆ ಅದು ಲೈನಿಂಗ್ ಬಟ್ಟೆ, ತೀರಾ ತೆಳು. ಪ್ಯಾಂಟು, ಜೀನ್ಸು ಅತಿ ದಪ್ಪ. ದಪ್ಪ ಬಟ್ಟೆಯ ಪಕ್ಕದಲ್ಲಿ ತೆಳು ಬಟ್ಟೆ ಹೊಲಿದರೆ ವರ್ಷ ತುಂಬುವುದರಲ್ಲಿ ತೆಳುವಾದದ್ದು ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಶರ್ಟ್, ಪಾಪ್ಲಿನ್, ರೂಬಿಯಾ, ಕಾಟನ್ ಚೂಡಿದಾರ್ ಟಾಪ್ ಇವೆಲ್ಲ ಒಂದಕ್ಕೊಂದು ಹೊಂದುತ್ತವೆ. ಹಳೇ ಶರ್ಟಿನಲ್ಲಿ ಕಾಲರ್, ತೋಳಿನ ಕಂಕುಳು, ಮೊಣಕೈ ಬಿಟ್ಟುಬಿಡಬೇಕು. ಬೆನ್ನಿನ ತುಂಡು 20 × 26 ಇಂಚು ಬಂದರೆ ನಾಲ್ಕೂವರೆ ಇಂಚಿನ ಚೌಕ 20 ಸಿಗುತ್ತವೆ.

ಬೇಕಾದದ್ದು: ಚೌಕ 162, ಗಾಢ ಬಣ್ಣದವು 90, ತಿಳಿ ಬಣ್ಣದವು 72. ಪಟ್ಟಿ ಸುಮಾರು 200. ಕೆಲಸಕ್ಕೆ ಬಾರದ ತುಂಡೆಲ್ಲ ತೆಗೆದ ಮೇಲೆ ಒಂದೂಕಾಲು ಕೆ.ಜಿ. ಚಿಂದಿ ಇದಕ್ಕೆ ಧಾರಾಳ.

ಹಂತ 3: ಒಗೆತ ಮತ್ತು ಗಂಜಿ

ಕೆಂಪು, ಕುಂಕುಮ, ಕಡುನೀಲಿ ಇವು ಬಣ್ಣ ಬಿಡುತ್ತವೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಮನೆಮನೆಯಲ್ಲೂ ಹೇಳುತ್ತಾರೆ. ಅಂಗಡಿಯ ಬಟ್ಟೆಯಲ್ಲಿ ಸಡಿಲವಾಗಿ ಉಳಿದ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ. ನೀರು ತಿಳಿಯಾಗುವವರೆಗೆ ಒಗೆಯುವುದೊಂದೇ ದಾರಿ. ಆಮೇಲೆ ಒದ್ದೆ ತುಂಡಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿ ನೋಡಿದ್ದು. ಬಿಳಿ ಬಟ್ಟೆಗೆ ಬಣ್ಣ ಹತ್ತಿದ ಒಂದು ಕೆಂಪು ಬ್ಲೌಸ್ ಬಟ್ಟೆಯನ್ನು ಪೂರ್ತಿ ಕೈಬಿಟ್ಟಿದ್ದಾಯಿತು. ಒಂದು ಕೆಟ್ಟ ಕೆಂಪು ಸಾಕು, ಪಕ್ಕದ ಬಿಳಿಯೆಲ್ಲ ಗುಲಾಬಿಯಾಗಲು. ಸಣ್ಣ ಪಟ್ಟಿಗಳನ್ನು ಬಿಡಿಬಿಡಿಯಾಗಿ ಒಗೆದರೆ ಅಂಚಿನ ಎಳೆ ಬಿಟ್ಟು ಸಿಕ್ಕು ಸಿಕ್ಕಾಗುತ್ತದೆ. ಹಳೇ ದಿಂಬಿನ ಗವಸಿಗೆ ತುಂಬಿ ಬಾಯಿ ಕಟ್ಟಿ ಒಗೆಯಬೇಕು.

ಗಂಜಿ ಹಾಕದೆ ಮೆತ್ತನೆ ಬಟ್ಟೆ ಕತ್ತರಿಸಬೇಡಿ. ಹಳೇ ಬಟ್ಟೆ ಕತ್ತರಿಯ ಬಾಯಲ್ಲಿ ಜಾರುತ್ತದೆ, ನಾಲ್ಕೂವರೆ ಇಂಚಿನ ಚೌಕ ಒಂದು ಬದಿ ನಾಲ್ಕೂಕಾಲು ಆಗಿರುತ್ತದೆ. ಅನ್ನ ಬಸಿದ ಗಂಜಿ ಒಂದು ಲೋಟಕ್ಕೆ ಎರಡು ಲೋಟ ನೀರು ಬೆರೆಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಅಗುಳಿನ ಚೂರು ಉಳಿದರೆ ಇಸ್ತ್ರಿಯ ಕೆಳಗೆ ಸೀದು ಕಂದು ಕಲೆಯಾಗುತ್ತದೆ. ನೆರಳಲ್ಲಿ ಮುಕ್ಕಾಲು ಒಣಗಿದಾಗಲೇ ಇಸ್ತ್ರಿ ಹಾಕಿದರೆ ಕಾಗದದ ಹಾಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಗಂಜಿ ಬಟ್ಟೆ ಬೇಗ ಒಣಗದೆ ಮುಗ್ಗು ವಾಸನೆ ಬರುತ್ತದೆ. ಆಗ ಒಂದು ದಿನಕ್ಕೆ ಕತ್ತರಿಸುವಷ್ಟಕ್ಕೆ ಮಾತ್ರ ಗಂಜಿ ಹಾಕಿಕೊಳ್ಳಿ. ಗಂಜಿ ಹಾಕಿದ ತುಂಡನ್ನು ತಿಂಗಳುಗಟ್ಟಲೆ ಇಟ್ಟರೆ ಜಿರಳೆಯೂ ಹುಳುವೂ ಬರುತ್ತವೆ.

ಹಂತ 4: ಕಾಲು ಇಂಚು

ಇಡೀ ಕೌದಿ ನಿಂತಿರುವುದು ಬಟ್ಟೆಯ ಅಂಚಿನಿಂದ ಹೊಲಿಗೆಗೆ ಬಿಡುವ ಈ ಕಾಲು ಇಂಚಿನ ಮೇಲೆ. ಬಟ್ಟೆ ಹೊಲಿಯುವ ರೂಢಿ ಇರುವವರಿಗೆ ಅರ್ಧ ಇಂಚು, ಮುಕ್ಕಾಲು ಇಂಚು ಮಾರ್ಜಿನ್ ಬಿಟ್ಟು ಅಭ್ಯಾಸ. ಸ್ವಲ್ಪ ಹೆಚ್ಚುಕಡಿಮೆಯಾದರೆ ಬ್ಲೌಸ್ ಸಡಿಲ ಮಾಡಬಹುದು. ಇಲ್ಲಿ ಹಾಗಿಲ್ಲ. ಒಂದು ಹೊಲಿಗೆಯಲ್ಲಿ ಇಂಚಿನ 16ನೇ ಒಂದು ಭಾಗ, ಅಂದರೆ ಅರ್ಧ ನೂಲು, ಜಾಸ್ತಿ ಒಳಗೆ ಹೋಯಿತು ಅನ್ನಿ. ಅದು ಎರಡು ಬದಿಯ ಬಟ್ಟೆಯನ್ನೂ ತಿನ್ನುತ್ತದೆ, ಅಲ್ಲಿಗೆ ಒಂದು ನೂಲು. ಒಂಬತ್ತು ಚೌಕದ ಬ್ಲಾಕಿನಲ್ಲಿ ಅಡ್ಡಕ್ಕೆ ಎರಡು ಹೊಲಿಗೆ, ಅಲ್ಲಿಗೆ ಕಾಲು ಇಂಚು. ಸುತ್ತಲಿನ ಕಾಲು ಇಂಚು ಮಾರ್ಜಿನ್ ಸೇರಿ ಹನ್ನೆರಡೂವರೆ ಬರಬೇಕಾದ ಬ್ಲಾಕು ಹನ್ನೆರಡೂಕಾಲು ಬರುತ್ತದೆ. ಪಕ್ಕದ ಓರೆ ಪಟ್ಟಿಯ ಬ್ಲಾಕನ್ನು ಅಳತೆಗೆ ಕತ್ತರಿಸುವುದರಿಂದ ಅದು ಸರಿಯಾಗಿ ಹನ್ನೆರಡೂವರೆ ಇರುತ್ತದೆ. ಎರಡೂ ಕೂಡುವುದಿಲ್ಲ.

ಫುಟ್ಟಿನ ಅಂಚನ್ನು ನಂಬಬೇಡಿ. ಈ ಮೆಷಿನ್ನಿನಲ್ಲಿ ಸೂಜಿಯಿಂದ ಫುಟ್ಟಿನ ಅಂಚಿಗೆ ಕಾಲು ಇಂಚಿಗಿಂತ ಅರ್ಧ ನೂಲು ಜಾಸ್ತಿಯೇ ಇದೆ. ಸೂಜಿಯನ್ನು ಸ್ಕೇಲಿನ ಗೆರೆಯ ಮೇಲೆ ಮುಟ್ಟುವಂತೆ ಇಳಿಸಿ, ಬಲಕ್ಕೆ ಕಾಲು ಇಂಚು ಅಳೆದು, ಅಲ್ಲಿ ಪ್ಲೇಟಿನ ಮೇಲೆ ಬ್ಯಾಂಡೇಜ್ ಪ್ಲಾಸ್ಟರ್ ಐದಾರು ಪದರ ಒಂದರ ಮೇಲೊಂದು ಅಂಟಿಸಿದ್ದು. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಸಾಗುತ್ತದೆ. ಬರೀ ಗೆರೆ ಎಳೆದುಕೊಂಡರೆ ಸಾಲದು. ತುಳಿಯುವ ವೇಗದಲ್ಲಿ ಗೆರೆ ಕಾಣುವುದಿಲ್ಲ, ತಡೆ ಕೈಗೆ ಗೊತ್ತಾಗುತ್ತದೆ.

ಪರೀಕ್ಷೆ: ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಪಕ್ಕಪಕ್ಕ ಹೊಲಿದು ಇಸ್ತ್ರಿ ಹಾಕಿ ಅಳೆಯಿರಿ. ಮಧ್ಯದ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ ಮೂರೂವರೆ ಇರಬೇಕು. ಮೊದಲು ಮೂರೂಕಾಲು ಬಂತು. ಪ್ಲಾಸ್ಟರ್ ಕಿತ್ತು ಒಂದು ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಹೊಲಿಗೆ, ಮತ್ತೆ ಅಳತೆ. ಸರಿ ಬರುವವರೆಗೂ ಚೌಕಕ್ಕೆ ಕೈ ಹಾಕಬಾರದು. ಒಂದು ಇಂಚಿಗೆ 11–12 ಹೊಲಿಗೆ ಬೀಳುವಂತೆ ಲಿವರ್ ಇಟ್ಟಿದ್ದು. ಲಿವರ್ ಮೇಲಿನ ಅಂಕಿ ನೋಡುವುದಕ್ಕಿಂತ ಒಂದು ಇಂಚು ಹೊಲಿದು ಎಣಿಸುವುದು ನಂಬಿಕೆಯ ಕೆಲಸ.

ಹಂತ 5: ಕತ್ತರಿಸುವುದು

ರೋಟರಿ ಕಟ್ಟರ್, ಮ್ಯಾಟ್ ಕೊಳ್ಳಲಿಲ್ಲ. ಹತ್ತು ಇಂಚಿನ ಟೈಲರ್ ಕತ್ತರಿಗೆ ಸಾಣೆ ಹಿಡಿಸಿದ್ದು ಸಾಕಾಯಿತು. ಅಳತೆಗೆ ಹಳೇ ಎಕ್ಸ್‌ರೇ ಫಿಲ್ಮಿನಲ್ಲಿ ನಾಲ್ಕೂವರೆ ಇಂಚಿನ ಚೌಕ. ರಟ್ಟಿನಲ್ಲಿ ಮಾಡಿಕೊಂಡರೆ ಐವತ್ತು ಚೌಕ ಆಗುವಷ್ಟರಲ್ಲಿ ಮೂಲೆ ಸವೆದು ಗುಂಡಾಗುತ್ತದೆ. ಪೆನ್ಸಿಲ್ ಗೆರೆಗೂ ಒಂದು ದಪ್ಪ ಇದೆ, ಅದು ನಾಲ್ಕೂ ಬದಿಗೆ ಸೇರಿಕೊಳ್ಳುತ್ತದೆ. ಹಾಗಾಗಿ ಗೆರೆಯ ಒಳಬದಿಗೆ ಕತ್ತರಿ ಹಾಕಬೇಕು, ಗೆರೆ ಚೌಕದಲ್ಲಿ ಉಳಿಯಬಾರದು. ಎರಡು ಪದರಕ್ಕಿಂತ ಹೆಚ್ಚು ಒಟ್ಟಿಗೆ ಕತ್ತರಿಸಿದರೆ ಕೆಳಗಿನದು ಸಣ್ಣದಾಗುತ್ತದೆ.

ಚೌಕದ ಬದಿ ಹಾಸು ಹೊಕ್ಕಿನ ಎಳೆಗೆ ನೇರವಾಗಿರಬೇಕು. ಎಳೆ ಗೊತ್ತಾಗದಿದ್ದರೆ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ ಹರಿಯಿರಿ, ಹರಿದದ್ದೇ ನೇರ ಎಳೆ. ಓರೆಯಾಗಿ ಕತ್ತರಿಸಿದ ಚೌಕ ಮೇಜಿನ ಮೇಲೆ ಚೌಕವಾಗಿಯೇ ಕಾಣುತ್ತದೆ, ಇಸ್ತ್ರಿ ತಾಗಿದ ಕೂಡಲೇ ಹಿಗ್ಗುತ್ತದೆ.

ಹಂತ 6: ಒಂಬತ್ತು ಚೌಕದ ಬ್ಲಾಕ್, 18

ನಾಲ್ಕು ಮೂಲೆ ಮತ್ತು ನಡುಮಧ್ಯ ಗಾಢ, ಉಳಿದ ನಾಲ್ಕು ತಿಳಿ. ಮೂರು ಮೂರರ ಸಾಲು ಹೊಲಿದು ಆಮೇಲೆ ಸಾಲು ಸೇರಿಸುವುದು. ದಾರ ಕತ್ತರಿಸದೆ ಒಂದು ಜೋಡಿಯ ಹಿಂದೆ ಇನ್ನೊಂದು ಜೋಡಿ ತಳ್ಳುತ್ತಾ ಹೋದರೆ ದಾರವೂ ಹೊತ್ತೂ ಉಳಿಯುತ್ತದೆ. ಹೊಲಿಗೆಯ ಮಡಿಕೆಯನ್ನು ಗಾಢ ಬಣ್ಣದ ಕಡೆಗೆ ಒತ್ತಬೇಕು. ಹೀಗೆ ಒತ್ತಿದರೆ ಮೇಲಿನ ಮತ್ತು ಕೆಳಗಿನ ಸಾಲಿನ ಮಡಿಕೆ ಹೊರಕ್ಕೆ, ಮಧ್ಯದ ಸಾಲಿನದು ಒಳಕ್ಕೆ ತಾನಾಗಿಯೇ ಬೀಳುತ್ತದೆ. ಸಾಲು ಸೇರಿಸುವಾಗ ಎದುರುಬದುರಾದ ಮಡಿಕೆಗಳು ಒಂದಕ್ಕೊಂದು ಆತು ಕೂರುತ್ತವೆ, ಮೂಲೆಗೆ ಮೂಲೆ ಸೇರುತ್ತದೆ. ಇಸ್ತ್ರಿಯನ್ನು ಎತ್ತಿ ಎತ್ತಿ ಒತ್ತಬೇಕು, ಎಳೆದಾಡಬಾರದು. ಬ್ಲಾಕ್ ಮುಗಿದಾಗ ಹನ್ನೆರಡೂವರೆ ಇಂಚು.

ಹಂತ 7: ಓರೆ ಪಟ್ಟಿಯ ಬ್ಲಾಕ್, 17

ಇದಕ್ಕೆ ಅಡಿಗೊಂದು ಬಟ್ಟೆ ಬೇಕು. ಹಳೇ ಡಬಲ್ ಪಂಚೆಯ ಗಟ್ಟಿ ಇರುವ ಭಾಗದಲ್ಲಿ 13 ಇಂಚಿನ 17 ಚೌಕ ಕತ್ತರಿಸಿದ್ದು. ಪಂಚೆಯ 50 ಇಂಚು ಅಗಲದಲ್ಲಿ ಮೂರು ಬರುತ್ತವೆ. ನ್ಯೂಸ್‌ಪೇಪರ್ ಮೇಲೆ ಹೊಲಿದು ಆಮೇಲೆ ಹರಿದು ತೆಗೆಯುವವರೂ ಇದ್ದಾರೆ, ಆದರೆ ಮಸಿ ತಿಳಿ ಬಣ್ಣಕ್ಕೆ ಹತ್ತುತ್ತದೆ, ಹರಿಯುವಾಗ ಹೊಲಿಗೆ ಸಡಿಲವಾಗುತ್ತದೆ. ಪಂಚೆ ಒಳಗೇ ಉಳಿದು ಕೌದಿಗೆ ಇನ್ನೊಂದು ಪದರವಾಗುತ್ತದೆ.

ಮೂಲೆಯಿಂದ ಮೂಲೆಗೆ ಒಂದು ಗೆರೆ. ಅದರ ಮೇಲೆ ಎರಡು ಇಂಚು ಅಗಲ, 19 ಇಂಚು ಉದ್ದದ ಪಟ್ಟಿ, ಮೇಲ್ಮೈ ಮೇಲಾಗಿ. ಅದರ ಒಂದು ಅಂಚಿಗೆ ಎರಡನೆಯ ಪಟ್ಟಿಯನ್ನು ಮೇಲ್ಮೈ ಕೆಳಗಾಗಿ ಸೇರಿಸಿ ಕಾಲು ಇಂಚಿಗೆ ಹೊಲಿದು, ಹೊರಕ್ಕೆ ಮಗುಚಿ, ಇಸ್ತ್ರಿ. ಹಾಗೇ ಮೂಲೆಯವರೆಗೆ, ಆಮೇಲೆ ಇನ್ನೊಂದು ಬದಿ. ಮಧ್ಯದಿಂದ ಒಂದೂವರೆ ಇಂಚು ಹೊರಗೆ ಸರಿದಂತೆಲ್ಲ ಬೇಕಾದ ಉದ್ದ 3 ಇಂಚು ಕಡಿಮೆಯಾಗುತ್ತದೆ. ಬ್ಲೌಸ್ ಉಳಿಕೆಯ 10–14 ಇಂಚಿನ ಪಟ್ಟಿಗಳು ಹೊರಬದಿಗೆ ಹೊಂದುತ್ತವೆ. ಮಧ್ಯಕ್ಕೆ ಅಷ್ಟುದ್ದದ ಚಿಂದಿ ಸಿಗುವುದಿಲ್ಲ. ಅದಕ್ಕೆ ಹಳೇ ಒಳಲಂಗದ ಕುಂಕುಮ ಬಣ್ಣದ ಪಾಪ್ಲಿನ್ ಬಿಚ್ಚಿ 17 ಬ್ಲಾಕಿಗೂ ಅದೇ ಪಟ್ಟಿ ಇಟ್ಟಿದ್ದು. ಇಷ್ಟೊಂದು ಬಣ್ಣ ಸೇರಿದ ಕೌದಿಯಲ್ಲಿ ಕಣ್ಣು ನಿಲ್ಲಲು ಒಂದೇ ಬಣ್ಣದ ಈ ಗೆರೆ ಬೇಕೇ ಬೇಕಿತ್ತು.

ಪಟ್ಟಿಯ ಅಗಲ ಒಂದರಿಂದ ಎರಡೂವರೆ ಇಂಚು. ಮುಕ್ಕಾಲು ಇಂಚಿಗಿಂತ ಕಡಿಮೆ ಇದ್ದರೆ ಹೊಲಿದ ಮೇಲೆ ಕಾಲು ಇಂಚೂ ಉಳಿಯುವುದಿಲ್ಲ, ಹಿಂದೆ ಮಡಿಕೆಯ ಮೇಲೆ ಮಡಿಕೆ ಸೇರಿ ಹಗ್ಗವಾಗುತ್ತದೆ. ಮೂಲೆಯ ಕೊನೆಯ ತ್ರಿಕೋನ ದೊಡ್ಡದಿರಬೇಕು, ಎರಡು ಇಂಚಿಗೆ ಕಡಿಮೆಯಾದರೆ ಬ್ಲಾಕ್ ಜೋಡಿಸುವಾಗ ಹೊಲಿಗೆಯಲ್ಲೇ ಮಾಯವಾಗಿ ಗಂಟು ಮಾತ್ರ ಉಳಿಯುತ್ತದೆ.

ಮೊದಲ ನಾಲ್ಕು ಬ್ಲಾಕು ಬೋಗುಣಿಯಂತೆ ಎದ್ದುಕೊಂಡವು. ಕಾರಣ ಎರಡು. ಪಟ್ಟಿ ಓರೆಯಾಗಿ ಹೋಗುವುದರಿಂದ ಅಡಿಯ ಪಂಚೆಯನ್ನು ಅದರ ಓರೆ ಎಳೆಯ ಮೇಲೆ ಹೊಲಿದ ಹಾಗಾಗುತ್ತದೆ. ಮೆತ್ತನೆ ಪಂಚೆ ಅಲ್ಲಿ ಹಿಗ್ಗುತ್ತದೆ. ಜೊತೆಗೆ ಮೇಲಿನ ಪಟ್ಟಿಯನ್ನು ಕೈ ತಿಳಿಯದೆ ಎಳೆದು ಹಿಡಿಯುತ್ತದೆ. ಪಂಚೆಗೂ ಗಟ್ಟಿ ಗಂಜಿ ಹಾಕಿ, ಫುಟ್ಟಿನ ಒತ್ತಡದ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಪಟ್ಟಿಯನ್ನು ಹಿಡಿಯದೆ ಬರೀ ಬೆರಳಿಟ್ಟು ಸಾಗಿಸಿದ ಮೇಲೆ ಐದನೆಯದರಿಂದ ಚಪ್ಪಟೆ ಬಂದವು. ಎದ್ದ ನಾಲ್ಕರಲ್ಲಿ ಎರಡನ್ನು ನೀರು ಚಿಮುಕಿಸಿ ಒತ್ತಿ ಸರಿ ಮಾಡಬಹುದಾಯಿತು. ಉಳಿದೆರಡನ್ನು ಬಿಚ್ಚಬೇಕಾಯಿತು. ಎದ್ದ ಬ್ಲಾಕನ್ನು ಹೇಗೋ ಹೊಲಿಗೆಯಲ್ಲಿ ಕೂರಿಸಬಹುದು ಅನ್ನುವುದು ಸುಳ್ಳು, ಅದು ಕೊನೆಗೆ ನೆರಿಗೆಯಾಗಿಯೇ ಹೊರಬರುತ್ತದೆ.

ಹಿಂಬದಿಯಿಂದ, ಪಂಚೆ ಕಾಣುವ ಹಾಗೆ ತಿರುಗಿಸಿಟ್ಟು, ಹನ್ನೆರಡೂವರೆ ಇಂಚಿಗೆ ನಾಲ್ಕೂ ಬದಿ ಕತ್ತರಿಸಿದ್ದು.

ಹಂತ 8: ಬ್ಲಾಕ್ ಜೋಡಣೆ

ನೆಲದ ಮೇಲೆ 5 × 7 ಹರವಿ, ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿದರೆ ಗಾಢ ಬ್ಲಾಕುಗಳು ಒಂದೇ ಕಡೆ ಗುಂಪಾಗಿರುವುದು ಗೊತ್ತಾಗುತ್ತದೆ. ಸಾಲಿಗೊಂದು ಚೀಟಿ ಚುಚ್ಚಿ ಎತ್ತಿಡಿ.

ಎರಡು ಬ್ಲಾಕಿನಲ್ಲಿ ಒಂದು ಸ್ವಲ್ಪ ದೊಡ್ಡದಿದ್ದರೆ ಅದನ್ನು ಕೆಳಗೆ, ಹಲ್ಲಿನ ಕಡೆಗೆ ಇಟ್ಟು ಹೊಲಿಯಬೇಕು. ಹಲ್ಲು ಕೆಳಗಿನ ಬಟ್ಟೆಯನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಒಂದು ನೂಲಿನವರೆಗಿನ ವ್ಯತ್ಯಾಸ ಅಲ್ಲೇ ಕರಗುತ್ತದೆ. ಅದಕ್ಕೂ ಹೆಚ್ಚಿದ್ದರೆ ಬಿಚ್ಚಿ. ಮಡಿಕೆಯನ್ನು ಯಾವಾಗಲೂ ಒಂಬತ್ತು ಚೌಕದ ಬ್ಲಾಕಿನ ಕಡೆಗೆ ಒತ್ತುವುದು, ಓರೆ ಪಟ್ಟಿಯ ಕಡೆ ಮೊದಲೇ ದಪ್ಪ ಇರುತ್ತದೆ. ಇಲ್ಲಿ ಸೂಜಿ 16ಕ್ಕೆ ಬದಲಾಯಿಸಿದ್ದು. 14ರಲ್ಲಿ ಗಂಟಿನ ಕಡೆ ಹೊಲಿಗೆ ತಪ್ಪುತ್ತಿತ್ತು.

ಹಂತ 9: ಅಡಿಬಟ್ಟೆ, ಒಳಪದರ

ಅಡಿಗೆ ಹಳೇ ಕಾಟನ್ ಸೀರೆ. ಐದೂವರೆ ಮೀಟರಿನಲ್ಲಿ 92 ಇಂಚಿನ ಎರಡು ಉದ್ದ ಬಂದು 32 ಇಂಚು ಉಳಿಯಿತು. ಸೀರೆಯ ಅಂಚನ್ನು ಎರಡೂ ಕಡೆ ಕತ್ತರಿಸಿ ತೆಗೆಯಲೇಬೇಕು. ಒತ್ತು ನೇಯ್ಗೆಯ ಅಂಚು ಒಗೆದ ಮೇಲೆ ಬೇರೆ ರೀತಿ ಕುಗ್ಗುತ್ತದೆ, ಜರಿ ಇದ್ದರೆ ಸೂಜಿಯೂ ಇಳಿಯುವುದಿಲ್ಲ. ಅಂಚು ತೆಗೆದ ಮೇಲೆ 42 ಇಂಚು ಅಗಲದ ಒಂದು ತುಂಡಿಗೆ ಇನ್ನೊಂದರಿಂದ 25 ಇಂಚು ಸೇರಿಸಿದರೆ, ಮುಖಕ್ಕಿಂತ ಸ್ವಲ್ಪ ಹೆಚ್ಚಾಗಿ ಬೇಕಾದ 66 ಇಂಚು ಬರುತ್ತದೆ, ಜೋಡಣೆಯ ಹೊಲಿಗೆಯೂ ನಟ್ಟನಡುವೆ ಬೀಳುವುದಿಲ್ಲ. ಕೌದಿಯನ್ನು ಸದಾ ಮಧ್ಯಕ್ಕೆ ಮಡಚುತ್ತೇವೆ, ಹೊಲಿಗೆ ಅಲ್ಲಿದ್ದರೆ ಮೊದಲು ಹರಿಯುವುದು ಅದೇ. ಸೀರೆಯನ್ನು ಬೆಳಕಿಗೆ ಹಿಡಿದು ನೆರಿಗೆ ಬೀಳುತ್ತಿದ್ದ ಜಾಗ ನೋಡಿ. ಜಾಲರಿಯಂತೆ ಕಂಡರೆ ಆ ಸೀರೆ ಒಳಪದರಕ್ಕೆ ಸರಿ, ಅಡಿಗೆ ಬೇಡ.

ಒಳಪದರಕ್ಕೆ ಒಂದು ಹಳೇ ಕಾಟನ್ ಡಬಲ್ ಬೆಡ್‌ಶೀಟ್. ತುಮಕೂರಿನ ಮಾಗಿ ಚಳಿಗೆ ಇಷ್ಟು ಸಾಕು. ಚಿಕ್ಕಬಳ್ಳಾಪುರದ ನಂದಿಬೆಟ್ಟದ ಕಡೆಯವರಾದರೆ ಎರಡು ಶೀಟ್ ಹಾಕಬಹುದು. ಪಾಲಿಯೆಸ್ಟರ್ ವ್ಯಾಡಿಂಗ್ ಹಗುರ, ಬೆಚ್ಚಗೂ ಇರುತ್ತದೆ, ಆದರೆ ಬೇಸಿಗೆಯಲ್ಲಿ ಹೊದೆಯಲು ಆಗುವುದಿಲ್ಲ. ಬಿಡಿ ಹತ್ತಿ ತುಂಬಿದರೆ ಒತ್ತೊತ್ತಾಗಿ ಹೊಲಿಯದಿದ್ದರೆ ಒಂದೇ ಒಗೆತಕ್ಕೆ ಮೂಲೆ ಸೇರುತ್ತದೆ.

ಸೀರೆಯನ್ನು ಒಳಮೈ ಮೇಲಾಗಿ ನೆಲಕ್ಕೆ ಟೇಪಿನಿಂದ ಅಂಟಿಸಿ, ಸುಕ್ಕಿರಬಾರದು, ಎಳೆದು ಬಿಗಿಸಲೂಬಾರದು. ಬಿಗಿದ ಸೀರೆ ಟೇಪ್ ಬಿಚ್ಚಿದ ಕೂಡಲೇ ಹಿಂದಕ್ಕೆ ಸರಿದು ಮೇಲಿನ ಪದರವನ್ನು ಸುಕ್ಕು ಮಾಡುತ್ತದೆ. ಮೇಲೆ ಶೀಟ್, ಅದರ ಮೇಲೆ ಕೌದಿಯ ಮುಖ. ಮಧ್ಯದಿಂದ ಹೊರಕ್ಕೆ ಆರಾರು ಇಂಚಿಗೆ ಕಚ್ಚಾ ಹೊಲಿಗೆ, ಉದ್ದಕ್ಕೂ ಅಡ್ಡಕ್ಕೂ. ಅಂಚಿನಿಂದ ಶುರುಮಾಡಿದರೆ ಸಡಿಲವೆಲ್ಲ ಮಧ್ಯಕ್ಕೆ ಸೇರಿ ಹಿಂಬದಿಯಲ್ಲಿ ನೆರಿಗೆ ಬೀಳುತ್ತದೆ.

ಹಂತ 10: ದಾರ ಓಡಿಸುವುದು

ಮೂರೂ ಪದರ ಸೇರಿಸಿ ಹೊಲಿಯುವ ಈ ಕೆಲಸ ಕೈಯಲ್ಲೇ. ಕಾಲಿನ ಮೆಷಿನ್ನಿನ ಕತ್ತಿನ ಸಂದಿಯಲ್ಲಿ ಸುತ್ತಿದ ಕೌದಿ ತೂರಿಸಲು ಜಾಗ ಸಾಲದು, ಭಾರಕ್ಕೆ ಹೊಲಿಗೆ ಗಿಡ್ಡವಾಗುತ್ತದೆ. 8 ನಂಬರ್ ಪರ್ಲ್ ಕಾಟನ್ ದಾರ, ಹತ್ತು ಗ್ರಾಂ ಉಂಡೆಯಲ್ಲಿ 80 ಮೀಟರ್ ಆಸುಪಾಸು. ಒಂದೂವರೆ ಇಂಚಿಗೊಂದು ಸಾಲು ಹಾಕಿದರೆ 84 ಇಂಚಿಗೆ 56 ಸಾಲು, 60 ಇಂಚಿನಂತೆ 85 ಮೀಟರ್. ಬಟ್ಟೆಯ ದಪ್ಪದಲ್ಲಿ ಏರಿಳಿಯುವುದಕ್ಕೆ, ಗಂಟಿಗೆ ಐದನೇ ಒಂದು ಭಾಗ ಸೇರಿಸಿ 102. ಎರಡು ಉಂಡೆ ಬೇಕು, ಎರಡನ್ನೂ ಒಂದೇ ಸಲ ಕೊಂಡುಕೊಳ್ಳಿ, ಆಮೇಲೆ ಅದೇ ಬಣ್ಣ ಸಿಗದೆ ಹೋಗಬಹುದು.

ಉತ್ತರ ಕರ್ನಾಟಕದ ಕೌದಿಯಲ್ಲೂ, ಹಳಿಯಾಳ ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯಲ್ಲೂ ಬೇರೆ ಬಗೆಯ ಜಾಣತನವಿದೆ. ಸಿದ್ದಿಯರು ಮೂಲೆಯಿಂದ ಹಿಡಿದು ತುಂಡಿನ ಅಂಚು ಮಡಚಿ ನೇರ ಅಡಿಬಟ್ಟೆಗೇ ಹೊಲಿಯುತ್ತಾ, ಸುತ್ತು ಹಾಕಿಕೊಂಡು ಮಧ್ಯಕ್ಕೆ ಬರುತ್ತಾರೆ. ಜೋಡಿಸುವುದೂ ದಾರ ಓಡಿಸುವುದೂ ಒಟ್ಟಿಗೇ ಆಗುತ್ತದೆ, ಕಾಲು ಇಂಚಿನ ಲೆಕ್ಕವೇ ಬೇಡ, ಯಾವ ಆಕಾರದ ತುಂಡೂ ವ್ಯರ್ಥವಾಗುವುದಿಲ್ಲ. ಮೆಷಿನ್ ಇಲ್ಲದವರಿಗೆ ಆ ಪದ್ಧತಿಯೇ ಉತ್ತಮ. ಆದರೆ ಮುಖವನ್ನು ಮೊದಲೇ ಪೂರ್ತಿ ಜೋಡಿಸಿಕೊಂಡಿರುವಾಗ ಅಂಚಿನಿಂದ ಒಳಕ್ಕೆ ಬರಲಾಗದು, ಸಡಿಲ ಹೋಗಲು ದಾರಿ ಇರುವುದಿಲ್ಲ. ಹಾಗಾಗಿ ಮೊದಲು ನಟ್ಟನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು ಸಾಲು, ಆಮೇಲೆ ಮಧ್ಯದಿಂದ ಮೇಲಕ್ಕೆ, ಮಧ್ಯದಿಂದ ಕೆಳಕ್ಕೆ.

ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಬಟ್ಟೆಯಲ್ಲಿ ಹಾದು ಹಾದು ಜೂಲು ಏಳುತ್ತದೆ. ಇಂಚಿಗೆ ನಾಲ್ಕೈದು ಹೊಲಿಗೆ ಸಾಕು. ಸಣ್ಣದಾಗಿರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ. ಗಂಟನ್ನು ಮೇಲಿನ ಪದರದಿಂದ ಟಪ್ ಎಂದು ಒಳಗೆ ಎಳೆದರೆ ಒಳಪದರದಲ್ಲಿ ನಿಲ್ಲುತ್ತದೆ. ಬ್ಲಾಕುಗಳು ಕೂಡುವ ಕಡೆ ಏಳೆಂಟು ಪದರ ಇರುತ್ತದೆ, ಅಲ್ಲಿ ಸೂಜಿಯನ್ನು ಓಡಿಸಲು ಹೋಗದೆ ಒಂದು ಸಲ ಕೆಳಕ್ಕೆ, ಒಂದು ಸಲ ಮೇಲಕ್ಕೆ ಚುಚ್ಚಿ ತೆಗೆಯಬೇಕು. ಜೋರಾಗಿ ಒತ್ತಿದರೆ ಸೂಜಿಯ ಕಣ್ಣು ಮುರಿಯುತ್ತದೆ. ನಡುಬೆರಳಿಗೆ ಅಂಗುಸ್ತಾನ ಇಲ್ಲದೆ ಈ ಹಂತ ಶುರು ಮಾಡಬೇಡಿ.

ಪ್ರತಿ ಐದಾರು ಸಾಲಿಗೊಮ್ಮೆ ಕೌದಿ ಮಗುಚಿ ಹಿಂಬದಿ ನೋಡಿ. ಮೂರು ಸಾಲಿನಷ್ಟು ಸೀರೆ ಮಡಚಿಕೊಂಡು ಹೊಲಿದಿದ್ದು ಹೀಗೆ ನೋಡಿದಾಗಲೇ ಸಿಕ್ಕಿತು. ಅಲ್ಲಿಗೇ ಬಿಚ್ಚಿದ್ದಕ್ಕೆ ಮೂರು ಸಾಲಿನಲ್ಲಿ ಮುಗಿಯಿತು.

ಹಂತ 11: ಅಂಚು

ದಾರ ಓಡಿಸಿದ ಮೇಲೆ ಕೌದಿ ಕುಗ್ಗಿ 59 × 82½ ಇಂಚಾಯಿತು. ಇದು ಆಗಲೇಬೇಕಾದದ್ದು. ಸುತ್ತಳತೆ 283 ಇಂಚು. 36 ಇಂಚು ಪನ್ನದ (ಅಗಲದ) ಪಾಪ್ಲಿನ್ 75 ಸೆಂಟಿಮೀಟರ್ ತಂದು ಎರಡೂವರೆ ಇಂಚಿನ ಹತ್ತು ಪಟ್ಟಿ ಕತ್ತರಿಸಿ, ಓರೆಯಾಗಿ ಜೋಡಿಸಿದರೆ 320 ಇಂಚಿಗೂ ಮೇಲೆ. ಸೀರೆಯಲ್ಲಿ ಉಳಿದ 32 ಇಂಚನ್ನು ಇದಕ್ಕೆ ಬಳಸಬಹುದಿತ್ತು, ಬೇಕೆಂದೇ ಬಿಟ್ಟಿದ್ದು. ಕೌದಿ ಮೊದಲು ಸವೆಯುವುದು ಅಂಚಿನಲ್ಲಿ. ಹೊಸ ಬಟ್ಟೆಗೆ ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ.

ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಒತ್ತಿ, ಬಿಚ್ಚು ಅಂಚನ್ನು ಕೌದಿಯ ಮುಖದ ಅಂಚಿಗೆ ಸೇರಿಸಿ ಕಾಲು ಇಂಚಿಗೆ ಮೆಷಿನ್ ಹೊಲಿಗೆ. ಅಂಚಿನ ಹೊಲಿಗೆಗೆ ಕೌದಿ ಕತ್ತಿನೊಳಗೆ ತೂರಬೇಕಿಲ್ಲ, ಎಡಕ್ಕೆ ಕುರ್ಚಿ ಇಟ್ಟು ಭಾರ ಅದರ ಮೇಲೆ ಬಿಡಿ. ಮೂಲೆ ಬರುವುದಕ್ಕೆ ಕಾಲು ಇಂಚು ಮುಂಚೆಯೇ ನಿಲ್ಲಿಸಿ, ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮತ್ತೆ ಕೆಳಕ್ಕೆ ಮುಂದಿನ ಬದಿಗೆ ಸರಿಯಾಗಿ ಮಡಚಿ, ಅಲ್ಲಿಂದ ಮತ್ತೆ ಹೊಲಿಗೆ. ಕಾಲು ಇಂಚು ಬಿಡದೆ ಕೊನೆಯವರೆಗೆ ಹೊಲಿದರೆ ಮೂಲೆ ಹಿಂದಕ್ಕೆ ತಿರುಗುವುದೇ ಇಲ್ಲ. ಆಮೇಲೆ ಪಟ್ಟಿಯನ್ನು ಹಿಂಬದಿಗೆ ಮಗುಚಿ ಕೈಯಲ್ಲಿ ಹೆಮ್ಮಿಂಗ್.

ಹಂತ 12: ಮೊದಲ ಒಗೆತ, ಖರ್ಚು

ತಣ್ಣೀರು, ಸ್ವಲ್ಪ ಸೋಪಿನ ಪುಡಿ, ಹಿಂಡುವುದು ಬೇಡ. ಗಂಜಿಯೆಲ್ಲ ಬಿಟ್ಟು ನೀರು ಮಂಕಾಗುತ್ತದೆ, ಮೂರು ನೀರು ಬದಲಾಯಿಸಿ. ಕೌದಿ ಒದ್ದೆಯಾದಾಗ ಬಹಳ ಭಾರ. ಒಂದೇ ತಂತಿಯ ಮೇಲೆ ಹಾಕಿದರೆ ಆ ಗೆರೆಯಲ್ಲಿ ಹೊಲಿಗೆ ಜಗ್ಗುತ್ತದೆ. ಪಕ್ಕಪಕ್ಕದ ಎರಡು ತಂತಿಯ ಮೇಲೆ ಹರವಿ, ನೆರಳಲ್ಲಿ.

ಒಗೆದ ಮೇಲೆ ಒಂದು ಕಡೆ ಓರೆ ಪಟ್ಟಿಯ ಹೊಲಿಗೆ ಅರ್ಧ ಇಂಚು ಬಾಯಿಬಿಟ್ಟಿತ್ತು. ಆ ಪಟ್ಟಿಯನ್ನು ಅಂಗಡಿಯ ಉಳಿಕೆಯ ಹರಕು ಅಂಚಿನ ಸಮೇತ ಹಾಗೇ ಹೊಲಿದದ್ದರಿಂದ ಎಳೆ ಬಿಟ್ಟುಕೊಂಡಿದೆ. ಕೈಯಲ್ಲಿ ಕಣ್ಣಿಗೆ ಕಾಣದ ಹಾಗೆ ಮುಚ್ಚಿದ್ದಾಯಿತು. ಪಟ್ಟಿಗೆ ಬಳಸುವ ಮುಂಚೆ ಜೂಲಿರುವ ಅಂಚನ್ನು ಕತ್ತರಿಸಿ ನೇರ ಮಾಡಿಕೊಳ್ಳಬೇಕು, ಅದರಿಂದ ಪಟ್ಟಿ ಸಣ್ಣದಾದರೂ ಸರಿ.

ಖರ್ಚು: ಬೆಲ್ಟ್ 120, ಮೆಷಿನ್ ಎಣ್ಣೆ 50, ಎರಡು ನಂಬರಿನ ಮೆಷಿನ್ ಸೂಜಿ 80, ಹೊಸ ಬಾಬಿನ್ 50, ಹೊಲಿಗೆ ದಾರ 60, ಪರ್ಲ್ ದಾರ ಎರಡು ಉಂಡೆ 180, ಪಾಪ್ಲಿನ್ 90, ಕೈಸೂಜಿ 40, ಕತ್ತರಿ ಸಾಣೆ 60, ಕಟ್‌ಪೀಸ್ 80. ಒಟ್ಟು 810 ರೂಪಾಯಿ. ಮುಂದಿನ ಕೌದಿಗೆ ಇದರಲ್ಲಿ ದಾರ, ಸೂಜಿ, ಪಾಪ್ಲಿನ್ ಮಾತ್ರ ಕೊಂಡರೆ ಸಾಕು. ಉಳಿದಿರುವುದು ಹದಿಮೂರು ಚೌಕ, ಸೀರೆಯ 32 ಇಂಚು, ಮತ್ತೆ ಒಂಬತ್ತು ಇಂಚಿಗಿಂತ ಗಿಡ್ಡವಾದ ಪಟ್ಟಿಗಳ ಒಂದು ಚೀಲ. ಗಿಡ್ಡ ಪಟ್ಟಿಗೆ 6 ಇಂಚಿನ ಬ್ಲಾಕ್ ಹೊಂದುತ್ತದೆ. ಅದರ ಮಧ್ಯದ ಪಟ್ಟಿಗೆ ಹತ್ತು ಇಂಚು ಬೇಕಾಗುವುದರಿಂದ ಅದಕ್ಕೆ ಮಾತ್ರ ಒಳಲಂಗದ ಪಾಪ್ಲಿನ್ ಎತ್ತಿಟ್ಟಿದೆ.